ಸಂಡೇ ಸ್ಕೂಲ್‌ನಲ್ಲಿ ಐದು ವರ್ಷದವರಿಂದ ಹದಿಮೂರರವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಹೇಗೆ ಕಲಿಸಲಿ?

ಪ್ರಶ್ನೆ: ಹುಬ್ಬಳ್ಳಿಯ ಹೊಸ ಟೀಚರ್

ಎಲ್ಲರಿಗೂ ವಂದನೆಗಳು.

ನಮ್ಮದು ಹುಬ್ಬಳ್ಳಿಯ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಇಷ್ಟು ವರ್ಷ ಸಂಡೇ ಸ್ಕೂಲ್ ನೋಡಿಕೊಂಡಿದ್ದ ಟೀಚರ್ ಮಗಳ ಮನೆಗೆಂದು ಪುಣೆಗೆ ಹೋಗಿಬಿಟ್ಟರು. ಜೂನ್‌ನಿಂದ ನೀನೇ ನೋಡಿಕೊಳ್ಳಮ್ಮ ಅಂತ ಅಯ್ಯನವರು (ನಮ್ಮ ಪಾಸ್ಟರ್) ನನಗೆ ಹೇಳಿದ್ದಾರೆ. ನಾನು ಸೊಸೈಟಿ ಬ್ಯಾಂಕಿನಲ್ಲಿ ಕ್ಲರ್ಕ್. ಬಿ.ಇಡಿ. ಮಾಡಿದವಳಲ್ಲ. ಕ್ವಾಯರ್‌ನಲ್ಲಿದ್ದೇನೆ, ಹಾಡು ಬರುತ್ತದೆ. ಮಕ್ಕಳೆಂದರೆ ತುಂಬಾ ಇಷ್ಟ. ಈ ಕೆಲಸವನ್ನು ಚೆನ್ನಾಗಿ ಮಾಡಬೇಕು ಅಂತ ಆಸೆ ಇದೆ.

ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ತರಗತಿ, ಆಮೇಲೆ ಆರಾಧನೆ. ದೇವಾಲಯದ ಹಿಂದೆ ಒಂದೇ ಒಂದು ಕೋಣೆ. ಅದರ ಅರ್ಧದಲ್ಲಿ ಹಳೇ ಬೆಂಚುಗಳು, ಕ್ರಿಸ್ಮಸ್‌ನ ನಕ್ಷತ್ರ, ಪೆಂಡಾಲಿನ ಸಾಮಾನು. ಇನ್ನರ್ಧದಲ್ಲಿ ಇಪ್ಪತ್ತು ಇಪ್ಪತ್ತೈದು ಮಕ್ಕಳು. ಚಿಕ್ಕವನಿಗೆ ಐದು, ದೊಡ್ಡವಳಿಗೆ ಹದಿಮೂರು. ಸಣ್ಣವರಿಗೆ ಹೇಳಿದರೆ ದೊಡ್ಡವರು ಕಿಟಕಿ ನೋಡುತ್ತಾರೆ. ದೊಡ್ಡವರಿಗೆ ಹೇಳಿದರೆ ಸಣ್ಣವರು ಬೆಂಚಿನ ಕೆಳಗೆ ಹೋಗುತ್ತಾರೆ.

ಇನ್ನೊಂದು ಸಂಗತಿ ನನಗೆ ಜಾಸ್ತಿ ನೋವು ಕೊಡ್ತಿದೆ. ಅರ್ಧ ಮಕ್ಕಳು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಸತ್ಯವೇದ (ಕನ್ನಡ ಬೈಬಲ್) ಕೈಗೆ ಕೊಟ್ಟರೆ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳು ಸರಾಗವಾಗಿ ಓದುತ್ತಾರೆ. ಓದಲು ಬಾರದವರಿಗೆ ನಾಚಿಕೆ, ಓದುವವರಿಗೆ ಬಟ್ಟೆಬರೆಯ ನಾಚಿಕೆ. ಯಾರೂ ಹೇಳದೆ ಎರಡು ಗುಂಪು ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತವೆ. ದೇವರ ಮನೆಯಲ್ಲೂ ಹೀಗಾದರೆ ಹೇಗೆ?

ಪಾಠ ಮುಗಿಸಿ ಏನೇ ಪ್ರಶ್ನೆ ಕೇಳಿದರೂ ಉತ್ತರ ಒಂದೇ: ‘ಯೇಸುಸ್ವಾಮಿ, ಟೀಚರ್’. ಹಡಗು ಕಟ್ಟಿದ್ದು ಯಾರು ಅಂದರೂ ಯೇಸುಸ್ವಾಮಿ.

ಕೊನೆಯದು. ಹೋದ ಭಾನುವಾರ, ಸತ್ತ ಲಾಜರನನ್ನು ಯೇಸುಸ್ವಾಮಿ ಬದುಕಿಸಿ ಎಬ್ಬಿಸಿದ ಕಥೆ ಹೇಳಿದೆ. ಒಂಬತ್ತು ವರ್ಷದ ಹುಡುಗಿ ಎದ್ದು ನಿಂತು, ‘ಲಾಜರನ್ನ ಎಬ್ಬಿಸಿದ ಸ್ವಾಮಿ ನಮ್ಮ ಅಪ್ಪನ್ನ ಯಾಕ ಎಬ್ಬಿಸಲಿಲ್ರಿ?’ ಅಂತ ಕೇಳಿದಳು. ಅವಳ ತಂದೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಕೋಣೆಯೇ ಸುಮ್ಮನಾಯಿತು. ‘ನಾವಿಬ್ಬರೂ ಕೂತು ಮಾತಾಡೋಣ ಕಂದಾ’ ಅಂತ ಹೇಳಿ ಪಕ್ಕದಲ್ಲಿ ಕೂರಿಸಿಕೊಂಡೆ. ಈಗ ಏನು ಮಾತಾಡಲಿ?

ಅನುಭವ ಇರುವವರು ದಯವಿಟ್ಟು ಹೇಳಿ. ಪುಸ್ತಕದ ಮಾತು ಬೇಡ. ನೀವು ಮಾಡಿ ನೋಡಿದ್ದು ಹೇಳಿ.

---

ಉತ್ತರ: ಧಾರವಾಡದ ನಿವೃತ್ತ ಮೇಷ್ಟ್ರು

ತಂಗೀ, ಓದುವ ವಿಷಯಕ್ಕೆ ಮಾತ್ರ ನಾನು ಹೇಳುತ್ತೇನೆ. ನನ್ನ ಕೆಲಸವೇ ಅದಾಗಿತ್ತು.

ಸಂಡೇ ಸ್ಕೂಲ್ ಶುರುವಾದದ್ದೇ ಓದು ಕಲಿಸಲು. 1780 ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯವರು ಬಡ ಮಕ್ಕಳನ್ನು ಸೇರಿಸಿದರು. ವಾರವೆಲ್ಲ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳು. ಭಾನುವಾರ ಒಂದೇ ಬಿಡುವು. ಅವರಿಗೆ ಅಕ್ಷರ ಕಲಿಸಿ ಬೈಬಲ್ ಓದಿಸಿದರು. ಹಾಗಾಗಿ ನಿಮ್ಮ ತರಗತಿಯಲ್ಲಿ ಹತ್ತು ನಿಮಿಷ ಕನ್ನಡ ಅಕ್ಷರಕ್ಕೆ ಹೋದರೆ ಪಾಠ ಕೆಟ್ಟಿತು ಅಂದುಕೊಳ್ಳಬೇಡಿ.

ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವುದನ್ನು ನಿಲ್ಲಿಸಿ. ಇಬ್ಬಿಬ್ಬರನ್ನು ಕೂರಿಸಿ: ಓದುವವರು ಒಬ್ಬರು, ತಡವರಿಸುವವರು ಒಬ್ಬರು, ಮಧ್ಯೆ ಒಂದೇ ಸತ್ಯವೇದ. ಓದುವ ಮಗು ಬೆರಳಿಟ್ಟು ಓದಲಿ, ಇನ್ನೊಂದು ಮಗು ಅದರ ಹಿಂದೆಯೇ ಹೇಳಲಿ. ಎಲ್ಲರೂ ಒಟ್ಟಿಗೆ ಓದುವಾಗ ಕೋಣೆಯಲ್ಲಿ ಗದ್ದಲ ಇರುತ್ತದೆ. ಆ ಗದ್ದಲದಲ್ಲಿ ಯಾರ ತಪ್ಪೂ ಯಾರಿಗೂ ಕೇಳುವುದಿಲ್ಲ. ಮಕ್ಕಳಿಗೆ ಬೇಕಾದದ್ದೂ ಅದೇ. ದೊಡ್ಡಕ್ಷರದ ಸತ್ಯವೇದ ಸಿಗುತ್ತದೆ. ನಾಲ್ಕೈದು ತರಿಸಲು ಸಭೆಗೆ ಹೇಳಿ. ಸಣ್ಣ ಅಕ್ಷರದ ಎರಡು ಕಾಲಂ ಪುಟ ನೋಡಿದರೆ ಎಂಟು ವರ್ಷದ ಮಗು ಅಲ್ಲೇ ಸೋಲುತ್ತದೆ.

ನಿಮಗೆ ಹಾಡು ಬರುತ್ತದಲ್ಲ, ಅದು ದೊಡ್ಡ ಆಸ್ತಿ. ಕಿಟೆಲ್ ಎಂದರೆ ಎಲ್ಲರಿಗೂ 1894 ರ ನಿಘಂಟು ನೆನಪು. ಅದಕ್ಕೂ ಎಷ್ಟೋ ಮೊದಲು, 1862 ರಲ್ಲಿ, ಅವರು ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಪದ್ಯ ಮಾಡಿ ‘ಕಥಾಮಾಲೆ’ ಎಂದು ಹೊರತಂದರು. ಈ ನಾಡಿನ ಜನ ಕಥೆಯನ್ನು ಹಾಡಿ ಕೇಳುವವರು ಅಂತ ಜರ್ಮನಿಯಿಂದ ಬಂದವರಿಗೇ ಗೊತ್ತಾಗಿತ್ತು. ಸತ್ಯವೇದದ 23ನೇ ಕೀರ್ತನೆಯನ್ನು (‘ಯೆಹೋವನು ನನಗೆ ಕುರುಬನು’) ಒಂದು ಸರಳ ಧಾಟಿಗೆ ಕೂರಿಸಿ. ಹಾಡಾಗಿ ಬಾಯಿಗೆ ಬಂದ ಮೇಲೆ ಪುಸ್ತಕ ತೆರೆದು ತೋರಿಸಿ. ಬಾಯಲ್ಲಿರುವ ಮಾತನ್ನು ಕಣ್ಣು ಬೇಗ ಗುರುತು ಹಿಡಿಯುತ್ತದೆ. ಒತ್ತಕ್ಷರ ತಾನಾಗಿ ಬರುತ್ತದೆ.

---

ಉತ್ತರ: ಬೆಟಗೇರಿ ಟೀಚರಮ್ಮ

ನಿಮ್ಮ ಪತ್ರ ಓದಿ ನಿನ್ನೆ ರಾತ್ರಿಯೆಲ್ಲ ಅದೇ ಯೋಚನೆ. ನಾನು ಬೆಟಗೇರಿಯವಳು. ನಮ್ಮ ಅತ್ತೆ ಸಂಡೇ ಸ್ಕೂಲ್ ಟೀಚರ್ ಆಗಿದ್ದರು, ಅವರ ನಂತರ ನಾನು. ನನ್ನ ಹತ್ತಿರ ಕಲಿತವರ ಮಕ್ಕಳು ಈಗ ನನ್ನ ಮುಂದೆ ಕೂರುತ್ತಾರೆ. ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಕಥೆ ಹೇಳುವುದರ ಬಗ್ಗೆ ಹೇಳುತ್ತೇನೆ.

‘ಯೇಸುಸ್ವಾಮಿ, ಟೀಚರ್’ ಅನ್ನುವ ಉತ್ತರ ಎಲ್ಲ ಊರಿನಲ್ಲೂ ಇದೆ. ಅದು ಮಕ್ಕಳ ತಪ್ಪಲ್ಲ. ನಾವು ಕಥೆಯನ್ನು ಐದು ನಿಮಿಷದಲ್ಲಿ ಮುಗಿಸಿ, ‘ಇದರಿಂದ ನಾವೇನು ಕಲೀತೀವಿ?’ ಅಂತ ಹಿಡಿಯುತ್ತೇವೆ. ಟೀಚರ್‌ಗೆ ಯಾವ ಉತ್ತರ ಬೇಕು ಅಂತ ಮಗುವಿಗೆ ಎರಡನೇ ವಾರಕ್ಕೇ ತಿಳಿಯುತ್ತದೆ. ಆಮೇಲೆ ಕಥೆ ಕೇಳುವ ಅಗತ್ಯವೇ ಅದಕ್ಕೆ ಇರುವುದಿಲ್ಲ.

ನೀವು ಉಲ್ಟಾ ಮಾಡಿ. ಕಥೆಯೊಳಗೆ ಅರ್ಧ ಗಂಟೆ ಇರಿ. ನೀತಿ ಹೇಳಲೇಬೇಡಿ. ಮಕ್ಕಳು ಜಗಳ ಆಡುವಷ್ಟು ಕಥೆಯೊಳಗೆ ಹೋಗಲಿ.

ನಮ್ಮಲ್ಲಿ ನಡೆದದ್ದು ಹೇಳುತ್ತೇನೆ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯ (ಯೇಸುಸ್ವಾಮಿ ಹೇಳಿದ ದೃಷ್ಟಾಂತದ ಕಥೆ) ಗೊತ್ತಲ್ಲ, ಮತ್ತಾಯನ ಸುವಾರ್ತೆ 20ನೇ ಅಧ್ಯಾಯ. ಯಜಮಾನ ಬೆಳಿಗ್ಗೆ ಕೆಲವರನ್ನು ಕರೆಯುತ್ತಾನೆ. ಒಂಬತ್ತಕ್ಕೆ ಕೆಲವರನ್ನು, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೆ. ಎಲ್ಲರಿಗೂ ಕೊಡುವುದು ಒಂದೇ ಕೂಲಿ, ಒಂದು ದಿನಾರಿ. ಆ ಕಾಲದಲ್ಲಿ ಆಳಿನ ಒಂದು ದಿನದ ಪಗಾರ ಅದು. ನಾನು ಇದನ್ನು ಓದಿ ಹೇಳಲಿಲ್ಲ. ದೇವಾಲಯದ ಅಂಗಳದಲ್ಲಿ ಮಳೆಗೆ ಎದ್ದ ಕಲ್ಲು, ಕಸ ಬಹಳ ಇತ್ತು. ಮೊದಲು ನಾಲ್ವರನ್ನು ಕರೆದು ಕಲ್ಲು ಆರಿಸಲು ಹಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನು ನಾಲ್ವರು. ಹೀಗೆ ಕರೆಯುತ್ತಾ ಹೋದೆ. ಕೊನೆಯ ಗುಂಪು ಬಂದು ಎರಡೇ ಕಲ್ಲು ಎತ್ತಿಟ್ಟಿತ್ತು, ಅಷ್ಟರಲ್ಲಿ ‘ಕೆಲಸ ಸಾಕು’ ಅಂದೆ. ಸಾಲಾಗಿ ನಿಲ್ಲಿಸಿ, ಕೊನೆಗೆ ಬಂದವರಿಂದ ಶುರುಮಾಡಿ ಒಬ್ಬೊಬ್ಬರಿಗೆ ಒಂದು ಶೇಂಗಾ ಉಂಡಿ ಕೊಟ್ಟೆ. ಮೊದಲ ಗುಂಪಿನವರು ತಮಗೆ ನಾಲ್ಕಾದರೂ ಸಿಗುತ್ತದೆ ಅಂತ ಕಾದರು. ಸಿಕ್ಕಿದ್ದು ಒಂದೇ.

ಆಗ ಎದ್ದ ಗದ್ದಲ ಕೇಳಬೇಕಿತ್ತು ನೀವು. ಕೈಗೆ ಮಣ್ಣು ಮೆತ್ತಿಕೊಂಡಿದ್ದ ಒಬ್ಬ ಹುಡುಗ ಉಂಡಿಯನ್ನು ತಿರುಗಿ ನನ್ನ ತಟ್ಟೆಗೇ ಇಟ್ಟ. ‘ಇದು ಅನ್ಯಾಯ ಐತ್ರಿ ಟೀಚರ್. ನಾ ಮೊದಲ ಬಂದೀನಿ.’ ಅವನ ಕಣ್ಣಲ್ಲಿ ನೀರು. ನಾನು ಸಮಾಧಾನ ಮಾಡಲಿಲ್ಲ. ಸತ್ಯವೇದ ತೆಗೆದು ಅಲ್ಲೇ ಅಂಗಳದಲ್ಲಿ ಆ ಭಾಗ ಓದಿದೆ, ಅಷ್ಟೆ. ಬೆಳಿಗ್ಗೆ ಬಂದವರು ಗೊಣಗುವ ಮಾತು ಬಂದಾಗ ಆ ಹುಡುಗ ‘ಹೂಂ ಮತ್ತ!’ ಅಂದ. ಎರಡು ಸಾವಿರ ವರ್ಷದ ಹಿಂದಿನ ಆಳುಗಳ ಪರವಾಗಿ ಅಂದ.

ಆಮೇಲೆ ಒಬ್ಬಳು ಹುಡುಗಿ ಮಾತಾಡಿದಳು. ಅವಳ ತಾಯಿ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುವವರು. ‘ಐದು ಗಂಟೆಗೆ ಬಂದವ್ರಿಗೆ ಯಾರೂ ಕೆಲಸ ಕೊಟ್ಟಿದ್ದಿಲ್ಲಲ್ರಿ. ಅವರ ಮನ್ಯಾಗೂ ಹುಡುಗ್ರು ಅದಾವು. ಅರ್ಧ ಪಗಾರ ಕೊಟ್ರ ಅರ್ಧ ರೊಟ್ಟಿ ಅಷ್ಟ ಬರ್ತದ.’

ನಾನು ಈ ಮಾತನ್ನು ಯಾವ ಪ್ರಸಂಗದಲ್ಲೂ ಕೇಳಿರಲಿಲ್ಲ. ಕೆಲಸ ಸಿಗುತ್ತದೇನೋ ಅಂತ ಬೆಳಿಗ್ಗೆ ಸರ್ಕಲ್‌ನಲ್ಲಿ ನಿಂತು, ಮಧ್ಯಾಹ್ನ ಬರಿಗೈಲಿ ಮನೆಗೆ ಬರುವ ತಾಯಿಯನ್ನು ನೋಡಿದ ಮಗುವಿಗೆ ಮಾತ್ರ ಬರುವ ಮಾತು ಅದು. ಇದಾದ ಮೇಲೆ ನಾನು ನೀತಿ ಅಂತ ಏನು ಹೇಳಲಿ? ಅವಳು ಹೇಳಿಯಾಗಿತ್ತು. ಉಂಡಿ ತಿರುಗಿ ಇಟ್ಟ ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಆದರೂ ನನಗ ಸಿಟ್ಟು ಹೋಗಿಲ್ಲ’ ಅಂದ. ಅದೂ ಒಳ್ಳೆಯದೇ ಅಂತ ಬಿಟ್ಟೆ. ಆ ಕಥೆಯಲ್ಲಿ ಬೆಳಿಗ್ಗೆ ಬಂದವರ ಸಿಟ್ಟು ಹೋಯಿತು ಅಂತ ಎಲ್ಲೂ ಬರೆದಿಲ್ಲ.

ಇನ್ನು ವಯಸ್ಸಿನ ಸಮಸ್ಯೆ. ಒಂದೇ ಕೋಣೆ ಇದ್ದರೆ ಒಂದೇ ಕಥೆ ಇರಲಿ, ಕೆಲಸ ಬೇರೆ ಬೇರೆ ಕೊಡಿ. ಮೊಳ, ಗೇಣು ಎಲ್ಲರಿಗೂ ಬರುತ್ತದೆ. ದಾವೀದನ ಎದುರು ನಿಂತ ದೈತ್ಯ ಗೊಲ್ಯಾತನ ಎತ್ತರ ಆರೂವರೆ ಮೊಳ. ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಒಂದು ಮೊಳ. ದೊಡ್ಡವರು ಹಗ್ಗ ಅಳೆಯಲಿ, ಸಣ್ಣವರು ಗೋಡೆಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಲಿ. ದೊಡ್ಡವರ ಮೊಳ ಹಿಡಿದರೆ ಒಂಬತ್ತು ಅಡಿ ದಾಟುತ್ತದೆ. ಐದು ವರ್ಷದವನನ್ನು ಆ ಗೆರೆಯ ಕೆಳಗೆ ನಿಲ್ಲಿಸಿ. ಬೇರೇನೂ ಹೇಳಬೇಕಾಗಿಲ್ಲ. ನೀವಂತೂ ಹುಬ್ಬಳ್ಳಿಯವರು. ನೋಹನ ಹಡಗು ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ, ಮೂವತ್ತು ಮೊಳ ಎತ್ತರ. ಉದ್ದ ಅಂದರೆ ಸುಮಾರು 135 ಮೀಟರ್. ನಿಮ್ಮೂರಿನ ಸ್ಟೇಷನ್ನಿನ ದೊಡ್ಡ ಪ್ಲಾಟ್‌ಫಾರ್ಮ್ 1507 ಮೀಟರ್. ಅದರ ಮೇಲೆ ಅಂಥ ಹಡಗು ಎಷ್ಟು ನಿಲ್ಲಿಸಬಹುದು ಅಂತ ಏಳನೇ ಕ್ಲಾಸಿನವರಿಗೆ ಲೆಕ್ಕ ಕೊಡಿ. ಹನ್ನೊಂದು ಬರುತ್ತದೆ. ಕಿಟಕಿ ನೋಡುವುದನ್ನು ಬಿಡುತ್ತಾರೆ.

ಬಿತ್ತುವವನ ಸಾಮ್ಯ ಹೇಳುವಾಗ ಜಾಗ್ರತೆ. ನಮ್ಮ ಕಡೆಯ ರೈತರ ಮಕ್ಕಳು ಸುಮ್ನೆ ಬಿಡುವುದಿಲ್ಲ. ‘ಅಂವಾ ಹಾದಿ ಮ್ಯಾಲೆ ಯಾಕ ಬಿತ್ತಿದಾ? ಕೂರಿಗಿ ಇದ್ದಿದ್ದಿಲ್ಲೇನು?’ ಅಂತ ಕೇಳುತ್ತಾರೆ. ಬಹಳ ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾ ಹೋದರೆ ಸಾಲಿನಲ್ಲೇ ಬೀಳುತ್ತದೆ. ಒಂದು ಕಾಳು ದಾರಿಗೆ ಬಿದ್ದರೂ ಅಜ್ಜ ಬೈಯುತ್ತಾರೆ. ಯೇಸುಸ್ವಾಮಿಯ ನಾಡಿನಲ್ಲಿ ಬೀಜವನ್ನು ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು. ಹೊಲದ ನಡುವೆ ಜನ ನಡೆದ ಕಾಲುದಾರಿ, ಕೆಳಗೆ ಬಂಡೆ ಇರುವ ತೆಳು ಮಣ್ಣು, ಅಂಚಿನಲ್ಲಿ ಮುಳ್ಳು. ಚೆಲ್ಲಿದಾಗ ಎಲ್ಲ ಕಡೆಗೂ ಬೀಳುತ್ತದೆ. ಇದನ್ನು ಮೊದಲು ಹೇಳದಿದ್ದರೆ ಮಕ್ಕಳಿಗೆ ಆ ರೈತ ದಡ್ಡನ ಹಾಗೆ ಕಾಣುತ್ತಾನೆ. ಒಂದು ಹಿಡಿ ಜೋಳ ತಂದು ಚೆಲ್ಲಿ ತೋರಿಸಿ. ಸಾಸಿವೆ ಕಾಳಿನ ಸಾಮ್ಯವೂ ಹಾಗೇ. ನಮ್ಮ ಸಾಸಿವೆ ಗಿಡದ ಮೇಲೆ ಹಕ್ಕಿ ಗೂಡು ಕಟ್ಟುವುದುಂಟೇ? ಆ ಕಡೆಯ ಕಪ್ಪು ಸಾಸಿವೆ ಆಳಿಗಿಂತ ಎತ್ತರ ಬೆಳೆಯುತ್ತದೆ. ಇಂಥ ಒಂದು ಸಣ್ಣ ವಿಷಯ ಗೊತ್ತಿದ್ದರೆ ಮಕ್ಕಳ ನಂಬಿಕೆ ನಿಮ್ಮ ಮೇಲೆ ಕೂರುತ್ತದೆ.

ಯೇಸುಸ್ವಾಮಿಯನ್ನು ನೋಡಲು ಮರ ಹತ್ತಿದ ಗಿಡ್ಡ ಜಕ್ಕಾಯನ ಕಥೆಗೆ ಅತ್ತಿಹಣ್ಣು ತನ್ನಿ. ಅವನು ಹತ್ತಿದ ಮರ ನಮ್ಮ ಅತ್ತಿಯ ಜಾತಿಗೇ ಸೇರಿದ್ದು. ಕೊಂಬೆ ನೆಲಕ್ಕೆ ಹತ್ತಿರ, ಗಿಡ್ಡ ಆಳಿಗೂ ಹತ್ತಲು ಸುಲಭ. ಹಣ್ಣು ಒಡೆದು ತೋರಿಸಿ, ಒಳಗಿನ ಸಣ್ಣ ಹುಳ ನೋಡಿ ಎಲ್ಲರೂ ಕೂಗುತ್ತಾರೆ. ಕೂಗಲಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಮರದ ಹೆಸರೂ ಗೊತ್ತಿರುವುದಿಲ್ಲ, ಹಳ್ಳಿಯಿಂದ ಬಂದವರಿಗೆ ಎಲ್ಲ ಗೊತ್ತಿರುತ್ತದೆ. ಅವತ್ತು ಅವರೇ ಟೀಚರ್. ನಿಮ್ಮ ಎರಡು ಬೆಂಚಿನ ನೋವು ಹೀಗೇ ಕಡಿಮೆಯಾಗುತ್ತದೆ. ಒಟ್ಟಿಗೆ ಕೂರಿ ಅಂತ ಹೇಳಿದರೆ ಕೂರುವುದಿಲ್ಲ. ಕೈಗೆ ಒಂದೇ ಹಗ್ಗ ಕೊಟ್ಟರೆ ಎರಡೂ ತುದಿ ಹಿಡಿಯಲೇಬೇಕು.

ಫ್ಲಾನೆಲ್ ಬೋರ್ಡ್ ಮರೆತೆ. ಮೊಬೈಲಿನಲ್ಲಿ ಕಾರ್ಟೂನ್ ತೋರಿಸುವುದಕ್ಕಿಂತ ನನಗೆ ಇದೇ ಇಷ್ಟ. ಹಲಗೆಗೆ ಕಡುನೀಲಿ ಫ್ಲಾನೆಲ್ ಬಟ್ಟೆ ಬಿಗಿದು ಹೊಡೆಯಿರಿ. ಹಳೇ ಕ್ಯಾಲೆಂಡರಿನ ಚಿತ್ರ ಕತ್ತರಿಸಿ, ಬೆನ್ನಿಗೆ ಉಪ್ಪುಕಾಗದದ ಚೂರು ಅಂಟಿಸಿ. ಬಟ್ಟೆಗೆ ಒತ್ತಿದರೆ ನಿಲ್ಲುತ್ತದೆ. ಕಥೆ ನಡೆದಂತೆ ಕುರಿ, ಮರ, ಮನೆ ಜಾಗ ಬದಲಾಯಿಸಬಹುದು. ಚಿತ್ರ ಅಂಟಿಸುವ ಕೆಲಸ ಸಣ್ಣವರಿಗೆ. ಬೆಂಚಿನ ಕೆಳಗೆ ಯಾರೂ ಹೋಗುವುದಿಲ್ಲ.

---

ಉತ್ತರ: ಬೆಂಗಳೂರಿನಿಂದ ಒಬ್ಬ ತಂದೆ

ಟೀಚರಮ್ಮ, ಶೇಂಗಾ ಉಂಡಿಯ ಪಾಠ ಓದಿ ಮನಸ್ಸು ತುಂಬಿತು. ಆದರೆ ನೀತಿ ಹೇಳಲೇಬೇಡಿ ಎನ್ನುವುದನ್ನು ಪೂರ್ತಿ ಒಪ್ಪಲು ನನಗೆ ಆಗ್ತಿಲ್ಲ.

ನನ್ನ ಮಗನಿಗೆ ಹನ್ನೆರಡು. ಸಂಡೇ ಸ್ಕೂಲ್‌ನಲ್ಲಿ ಆಟ, ಚಿತ್ರ, ನಾಟಕ ಎಲ್ಲ ಇದೆ. ಖುಷಿಯಾಗಿ ಹೋಗುತ್ತಾನೆ. ಹತ್ತು ಆಜ್ಞೆಗಳನ್ನು ಕೇಳಿದರೆ ಮೂರು ಹೇಳುತ್ತಾನೆ. ಕರ್ತನ ಪ್ರಾರ್ಥನೆಯನ್ನು ಸಭೆಯೊಂದಿಗೆ ಗೊಣಗುತ್ತಾನೆ, ಒಬ್ಬನೇ ಹೇಳಲು ಬರುವುದಿಲ್ಲ. ನಾಳೆ ದೃಢೀಕರಣದ (ಕನ್ಫರ್ಮೇಶನ್) ತರಗತಿಗೆ ಹೋದಾಗ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕು. ನಮ್ಮ ಕಾಲದಲ್ಲಿ ವಾರಕ್ಕೊಂದು ಬಾಯಿಪಾಠ ವಚನ ಇತ್ತು. ಅರ್ಥ ಆಗಿತ್ತೋ ಇಲ್ಲವೋ, ಬಾಯಿಗೆ ಬಂದಿತ್ತು. ಎಂಟನೇ ವಯಸ್ಸಿನಲ್ಲಿ ಕಲಿತದ್ದು ನನಗೆ ಅರ್ಥವಾದದ್ದು ನನ್ನ ಕೆಲಸ ಹೋದ ವರ್ಷದಲ್ಲಿ. ಆಗ ಕಲಿಯದಿದ್ದರೆ ಆ ವರ್ಷ ನೆನಪಿಗೆ ಬರಲು ಒಳಗೆ ಏನೂ ಇರುತ್ತಿರಲಿಲ್ಲ.

ಮಗು ತಾನಾಗಿ ಕಂಡುಕೊಳ್ಳಲಿ, ಸರಿ. ಆದರೆ ಕೆಲವು ಮಾತನ್ನು ಹಿರಿಯರು ಕೊಡಲೇಬೇಕು, ಅಲ್ವಾ?

ಇನ್ನೊಂದು ವಿಷಯ ಎಲ್ಲ ಟೀಚರ್‌ಗಳಿಗೂ. ತರಗತಿಯಲ್ಲಿ ಯಾವಾಗಲೂ ದೊಡ್ಡವರು ಇಬ್ಬರು ಇರಲಿ, ಬಾಗಿಲು ತೆರೆದಿರಲಿ. ಯಾರೇ ಆಗಲಿ ಒಂದು ಮಗುವನ್ನು ಒಬ್ಬರೇ ಕೋಣೆಗೆ ಕರೆದುಕೊಂಡು ಹೋಗಬಾರದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸಲು 2012 ರಿಂದ ಪೋಕ್ಸೊ ಕಾನೂನಿದೆ, ಅದು ದೇವಾಲಯದ ಅಂಗಳಕ್ಕೂ ಅನ್ವಯ. ನಮ್ಮವರೇ ಅಲ್ವಾ ಅಂತ ಬಿಡಬೇಡಿ. ಮಕ್ಕಳ ಫೋಟೋ ಫೇಸ್‌ಬುಕ್ಕಿಗೆ ಹಾಕುವ ಮುಂಚೆ ತಂದೆತಾಯಿಯನ್ನು ಕೇಳಿ.

---

ಹುಬ್ಬಳ್ಳಿಯ ಹೊಸ ಟೀಚರ್

ಮೇಷ್ಟ್ರೇ, ಟೀಚರಮ್ಮ, ಸರ್, ಮೂವರಿಗೂ ತುಂಬಾ ಧನ್ಯವಾದ. ಕ್ವಾಯರ್‌ನ ಗೆಳತಿಯೊಬ್ಬಳು ಜೊತೆಗೆ ಬರಲು ಒಪ್ಪಿದ್ದಾಳೆ, ಹಾಗಾಗಿ ಇಬ್ಬರಾದೆವು. ನೀಲಿ ಫ್ಲಾನೆಲ್ ತಂದಿದ್ದೇನೆ. 23ನೇ ಕೀರ್ತನೆಗೆ ಹಾರ್ಮೋನಿಯಂ ಮೇಲೆ ಒಂದು ಧಾಟಿ ಹುಡುಕುತ್ತಿದ್ದೇನೆ.

ಟೀಚರಮ್ಮ, ಎರಡು ವಿಷಯ ಕೇಳಲಾ? ಬೀದಿಯ ಬೇರೆ ಮನೆಗಳ ಮಕ್ಕಳು, ನಮ್ಮ ಸಭೆಯವರಲ್ಲದವರು, ಹಾಡು ಕೇಳಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಒಳಗೆ ಕರೆಯಲಾ? ಮತ್ತೆ ಆ ಹುಡುಗಿಯ ಬಗ್ಗೆ ನೀವು ಏನೂ ಬರೆಯಲಿಲ್ಲ.

---

ಬೆಟಗೇರಿ ಟೀಚರಮ್ಮ

ಬೇಕಂತಲೇ ಬರೆದಿರಲಿಲ್ಲ. ಅದಕ್ಕೆ ಬೇರೆಯಾಗಿ ಕೂತು ಬರೆಯಬೇಕಿತ್ತು.

ಮೊದಲು ಬೆಂಗಳೂರಿನ ಸರ್‌ಗೆ. ಬಾಯಿಪಾಠ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲೂ ಇದೆ, ಪರೀಕ್ಷೆಯೂ ಇದೆ, ಬಹುಮಾನವೂ ಇದೆ. ಆದರೆ ವಚನ ಕಥೆಯ ಹಿಂದೆ ಬರಲಿ. ಕಳೆದುಹೋದ ಕುರಿಯನ್ನು ಹುಡುಕಿದ ಮೇಲೆ ‘ಯೆಹೋವನು ನನಗೆ ಕುರುಬನು’ ಅಂತ ಹೇಳಿಸಿದರೆ ಅದು ನಿಲ್ಲುವ ರೀತಿಯೇ ಬೇರೆ. ಹತ್ತು ಆಜ್ಞೆಯನ್ನೂ ಹಾಗೇ ಮಾಡುತ್ತೇನೆ. ಇಸ್ರಾಯೇಲ್ಯರ ಜೊತೆ ಐಗುಪ್ತದಲ್ಲಿ (ಈಜಿಪ್ಟ್) ಇಟ್ಟಿಗೆ ಹೊತ್ತು, ಸಮುದ್ರ ದಾಟಿ, ಬೆಟ್ಟದ ಬುಡಕ್ಕೆ ಬಂದ ಮೇಲೆಯೇ ಆಜ್ಞೆ. ಏಳನೇ ದಿನ ಕೆಲಸ ಬೇಡ ಅನ್ನುವ ಮಾತು ಗುಲಾಮರಾಗಿದ್ದವರಿಗೆ ಎಷ್ಟು ಸಿಹಿ ಅಂತ ಮಕ್ಕಳಿಗೆ ಆಗ ತಿಳಿಯುತ್ತದೆ. ನಿಮ್ಮ ಮಗನಿಗೆ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕರ್ತನ ಪ್ರಾರ್ಥನೆ ನೀವೇ ಹೇಳಿಸಿ. ವಾರಕ್ಕೆ ಒಂದು ತಾಸು ಸಿಗುವ ಟೀಚರ್ ಮೇಲೆ ಅಷ್ಟೂ ಭಾರ ಹಾಕಬೇಡಿ. ಇದನ್ನು ಪ್ರೀತಿಯಿಂದ ಹೇಳುತ್ತಿದ್ದೇನೆ.

ಬೀದಿಯ ಮಕ್ಕಳ ವಿಷಯ. ಬಂದವರನ್ನು ಬಾಗಿಲಿನಿಂದ ಓಡಿಸಬೇಡಿ. ಆದರೆ ತಂದೆತಾಯಿಗೆ ಗೊತ್ತಿಲ್ಲದೆ ಒಳಗೆ ಕೂರಿಸಲೂ ಬೇಡಿ. ನೀವೇ ಅವರ ಮನೆಗೆ ಹೋಗಿ, ‘ನಿಮ್ಮ ಮಗು ಬರುತ್ತಿದೆ, ನಾವು ಬೈಬಲ್ ಕಥೆ, ಪ್ರಾರ್ಥನೆ ಮಾಡುತ್ತೇವೆ, ನಿಮಗೆ ಒಪ್ಪಿಗೆಯಾ?’ ಅಂತ ನೇರವಾಗಿ ಕೇಳಿ. ಬೇಡ ಅಂದರೆ ಬೇಡ. ನಮ್ಮ ಮಗು ನಮಗೆ ಹೇಳದೆ ಇನ್ನೊಂದು ಕಡೆ ಹೋಗಿ ಪೂಜೆ ಪ್ರಾರ್ಥನೆಯಲ್ಲಿ ಕೂತರೆ ನಮಗೆ ಹೇಗಾಗುತ್ತದೆ? ಅಕ್ಕಪಕ್ಕದ ಮನೆಯ ವಿಶ್ವಾಸ ಬಹಳ ದೊಡ್ಡದು. ನಮ್ಮ ಓಣಿಯಲ್ಲಿ ನೇಕಾರರ ಮನೆಗಳೇ ಜಾಸ್ತಿ. ಒಪ್ಪಿಗೆ ಕೊಟ್ಟವರ ಮಕ್ಕಳು ಕ್ರಿಸ್ಮಸ್ ನಾಟಕಕ್ಕೆ ಬರುತ್ತಾರೆ, ಕುರುಬರ ಕಂಬಳಿಯನ್ನು ಅವರ ಮನೆಯಿಂದಲೇ ತರುತ್ತಾರೆ.

ಈಗ ಆ ಹುಡುಗಿ.

ಭಾನುವಾರದವರೆಗೆ ಕಾಯಬೇಡಿ. ಅದಕ್ಕೂ ಮುಂಚೆ ಮನೆಗೆ ಹೋಗಿ. ಒಬ್ಬರೇ ಬೇಡ, ಅಯ್ಯನವರ ಮನೆ ಅಮ್ಮನವರನ್ನು ಕರೆದುಕೊಂಡು ಹೋಗಿ. ಮೊದಲು ತಾಯಿಯ ಹತ್ತಿರ ಮಾತಾಡಿ. ಮಗಳು ಹೀಗೆ ಕೇಳಿದಳು ಅಂತ ಹೇಳಿ. ಆ ತಾಯಿಯೂ ಅದೇ ಪ್ರಶ್ನೆ ಕೇಳುತ್ತಿರಬಹುದು, ಮಗಳ ಮುಂದೆ ಬಾಯಿ ಬಿಡುತ್ತಿರಲಿಕ್ಕಿಲ್ಲ. ಮನೆಯಲ್ಲಿ ಮಗುವಿಗೆ ಏನು ಹೇಳಿದ್ದಾರೆ ಅಂತ ನಿಮಗೆ ಗೊತ್ತಿರಬೇಕು.

ಕೆಲವು ಮಾತು ಹೇಳಲೇಬೇಡಿ. ‘ದೇವರಿಗೆ ಅಪ್ಪ ಬೇಕಾಗಿದ್ದರು, ಕರೆದುಕೊಂಡರು’ ಅನ್ನಬೇಡಿ. ‘ಒಳ್ಳೆಯವರನ್ನು ದೇವರು ಬೇಗ ಕರೆಯುತ್ತಾನೆ’ ಅನ್ನಬೇಡಿ. ಸಮಾಧಾನಕ್ಕೆ ಅಂತ ದೊಡ್ಡವರು ಆಡುವ ಮಾತು ಇವು. ಮಗು ರಾತ್ರಿ ಮಲಗಿ ಯೋಚನೆ ಮಾಡುತ್ತದೆ, ಅಮ್ಮನೂ ಒಳ್ಳೆಯವಳಲ್ಲವಾ, ಅಮ್ಮನನ್ನೂ ಕರೆದರೆ? ‘ನೀನು ಇನ್ನೂ ಪ್ರಾರ್ಥನೆ ಮಾಡಬೇಕಿತ್ತು’ ಅನ್ನುವುದನ್ನಂತೂ ಯಾರೂ ಅವಳ ಹತ್ತಿರ ಹೇಳದ ಹಾಗೆ ನೋಡಿಕೊಳ್ಳಿ. ಯಾರಾದರೂ ಆಗಲೇ ಹೇಳಿದ್ದರೆ, ಅದು ನಿನ್ನಿಂದ ಆದದ್ದಲ್ಲ ಅಂತ ಸ್ಪಷ್ಟವಾಗಿ, ಕಣ್ಣು ನೋಡಿ ಹೇಳಿ.

ಹೇಳಬೇಕಾದದ್ದು ಆ ಕಥೆಯಲ್ಲೇ ಇದೆ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಮತ್ತೆ ನಿಧಾನವಾಗಿ ಓದಿ. ಯೇಸುಸ್ವಾಮಿಗೆ ಲಾಜರನ ಕಾಯಿಲೆಯ ಸುದ್ದಿ ಬಂತು. ಆದರೂ ಇದ್ದಲ್ಲೇ ಎರಡು ದಿನ ಉಳಿದರು. ಅವರು ಬಂದಾಗ ಲಾಜರನ ಅಕ್ಕ ಮಾರ್ಥಳು ಊರ ಹೊರಗೇ ಎದುರುಗೊಂಡಳು. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂದಳು. ಇನ್ನೊಬ್ಬ ಅಕ್ಕ ಮರಿಯಳೂ ಅದೇ ಮಾತು ಹೇಳಿದಳು. ನಿಮ್ಮ ಹುಡುಗಿ ಕೇಳಿದ್ದೂ ಇದನ್ನೇ. ಹಾಗೆ ಕೇಳಿದ್ದಕ್ಕೆ ಯೇಸುಸ್ವಾಮಿ ಅವರಿಬ್ಬರನ್ನೂ ಬೈಯಲಿಲ್ಲ. ಕಣ್ಣೀರು ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಎಬ್ಬಿಸುವವರೇ ಅವರು, ಆದರೂ ಅತ್ತರು.

‘ನೀನು ಕೇಳಿದ್ದನ್ನು ಮಾರ್ಥಳೂ ಕೇಳಿದ್ದಳು. ಸ್ವಾಮಿಗೆ ಸಿಟ್ಟು ಬರಲಿಲ್ಲ, ಅವರೂ ಅತ್ತರು’ ಅಂತ ಹೇಳಿ. ಅಪ್ಪನನ್ನು ಯಾಕೆ ಎಬ್ಬಿಸಲಿಲ್ಲ ಅಂತ ಮತ್ತೆ ಕೇಳಿದರೆ ‘ನನಗೆ ಗೊತ್ತಿಲ್ಲ ಕಂದಾ’ ಅನ್ನಿ. ನೀವು ಟೀಚರ್, ಗೊತ್ತಿಲ್ಲ ಅನ್ನಬಹುದಾ ಅಂತ ಹಿಂಜರಿಯಬೇಡಿ. ಸತ್ತವರು ಏಳುವರು ಎಂಬ ನಮ್ಮ ನಿರೀಕ್ಷೆಯನ್ನೂ ಹೇಳಿ, ನಾವು ಅದನ್ನು ನಂಬಿದವರೇ. ಆದರೆ ಅದನ್ನು ಅವಳ ಅಳು ನಿಲ್ಲಿಸಲು ಬಳಸಬೇಡಿ. ಮೊದಲು ಅವಳ ಅಪ್ಪನ ಬಗ್ಗೆ ಕೇಳಿ. ಏನು ಕೆಲಸ ಮಾಡುತ್ತಿದ್ದರು, ಯಾವ ಹಾಡು ಹೇಳುತ್ತಿದ್ದರು, ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಪ್ಪನ ಹೆಸರು ಎತ್ತಿದರೆ ದೊಡ್ಡವರೆಲ್ಲ ಮಾತು ಬದಲಿಸುವ ಮನೆಯಲ್ಲಿ ಮಗುವಿಗೆ ಇದನ್ನು ಹೇಳಿಕೊಳ್ಳಲು ಯಾರೂ ಸಿಕ್ಕಿರುವುದಿಲ್ಲ.

ಬರುವ ಭಾನುವಾರ ತರಗತಿಯಲ್ಲಿ ಲಾಜರನ ಕಥೆ ಮತ್ತೆ ತೆಗೆಯಬೇಡಿ. ಎಲ್ಲರ ಮುಂದೆ ಅವಳಿಗೆ ಉತ್ತರ ಕೊಡಲು ಹೋಗಬೇಡಿ. ಗೊಲ್ಯಾತನನ್ನು ಅಳೆಯಿರಿ. ಹಗ್ಗದ ಒಂದು ತುದಿ ಅವಳ ಕೈಗೆ ಕೊಡಿ, ಇನ್ನೊಂದು ತುದಿ ಆಚೆ ಬೆಂಚಿನವರಿಗೆ. ಅವಳಿಗೆ ಅವತ್ತು ಆಡುವ ಮನಸ್ಸಿಲ್ಲದಿದ್ದರೆ ನಿಮ್ಮ ಗೆಳತಿಯ ಪಕ್ಕದಲ್ಲಿ ಕೂರಲಿ. ಮುಂದಿನ ವಾರ, ಮುಂದಿನ ತಿಂಗಳು, ಅವರ ಅಪ್ಪ ಹೋದ ದಿನ ತಿರುಗಿ ಬಂದಾಗ ಅವಳು ಮತ್ತೆ ಕೇಳುತ್ತಾಳೆ. ಆ ತಾರೀಖನ್ನು ತಾಯಿಯ ಹತ್ತಿರ ಕೇಳಿ ಹಾಜರಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.